ಐವತ್ನಾಲ್ಕನೇ ನಂಬರಿನ ವಿಮಾನ

ಸುರಪುರ
೯ ನವೆಂಬರ್ ೨೦೨೫

ಪ್ರೀತಿಯ ಸಲ್ಮಾ,

ನಿನಗೆ ಜೈಭೀಮ್, ಮನೆಯವರೆಲ್ಲರಿಗೂ ಸಲಾಮ್. ಸೆಪ್ಟೆಂಬರಿನಲ್ಲಿ ನಿಮ್ಮ ಶಹಾಪುರದ ಮನೆಯಿಂದ ಹೊರಡುವಾಗ "ಎಂಟು ದಿನದಾಗ ಕಾಗದ ಬರೀತೀನಿ" ಎಂದು ಹೇಳಿ ಬಂದವಳು, ಎರಡು ತಿಂಗಳಾದ ಮೇಲೆ ಪೆನ್ನು ಹಿಡಿದಿದ್ದೇನೆ. ತಪ್ಪಾಯಿತು. ಹೋಂವರ್ಕ್ ತಡವಾಗಿ ತಂದ ಮಕ್ಕಳನ್ನು ನಲವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ನಿವೃತ್ತಳಾದ ಮೇಲೆ ನನ್ನನ್ನು ಕೇಳುವವರಿಲ್ಲದೆ ಹೀಗಾಗಿದ್ದೇನೆ ಎಂದುಕೋ. ನಿನ್ನ ಮಗ ಅಕ್ರಮ್ ನಿನ್ನ ಫೋನ್ ನಂಬರ್ ಕೊಟ್ಟಿದ್ದ. ಒಂಬತ್ತು ಅಂಕಿ ಒತ್ತುತ್ತೇನೆ, ಹತ್ತನೆಯದಕ್ಕೆ ಬೆರಳು ನಿಂತುಬಿಡುತ್ತದೆ. ಫೋನಿನಲ್ಲಿ ನೀನು ಸುಮ್ಮನಿದ್ದರೆ ಆ ಸುಮ್ಮನಿರುವುದು ನನಗೆ ಕೇಳಿಸುತ್ತದೆ. ಕಾಗದದಲ್ಲಿ ಆ ಕಷ್ಟವಿಲ್ಲ.

ನಾನು ಸುರಪುರದಲ್ಲೇ ಇದ್ದೇನೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಬಾಡಿಗೆ ಕೋಣೆ. ಮದುವೆಯಾಗಲಿಲ್ಲ ಎಂಬುದು ನಿನಗೆ ಗೊತ್ತೇ ಇದೆ, ಏಕೆ ಎಂದು ಕೇಳುವ ವಯಸ್ಸು ಈಗ ಇಬ್ಬರಿಗೂ ದಾಟಿದೆ. ಜೂನ್ ಮೂವತ್ತಕ್ಕೆ ಶಾಲೆಯವರು ಶಾಲು ಹೊದಿಸಿ, ಬುದ್ಧನ ಮೂರ್ತಿ ಕೊಟ್ಟು ಕಳಿಸಿದರು. ಜುಲೈ ಒಂದಕ್ಕೆ ಶಾಲೆಯ ವಾಟ್ಸಾಪ್ ಗುಂಪಿನಿಂದ ತೆಗೆದರು. ಹಾಗೆ ನಿಯಮ ಇರಬೇಕು. ಈಗ ದಿನಕ್ಕೆ ಎರಡು ರೊಟ್ಟಿ ಬಡಿಯುತ್ತೇನೆ. ಎರಡೇ ರೊಟ್ಟಿಗೆ ಹಂಚು ಕಾಯಿಸುವುದು ಬೇಸರವೆನಿಸಿ ಒಂದೊಂದು ದಿನ ಬ್ರೆಡ್ ತಿಂದು ಮಲಗುವುದೂ ಉಂಟು. ಬೆಳಿಗ್ಗೆ ಹತ್ತಕ್ಕೆ ಪಕ್ಕದ ಶಾಲೆಯ ಗಂಟೆ ಬಾರಿಸಿದರೆ ಎದ್ದು ನಿಲ್ಲುತ್ತೇನೆ, ಆಮೇಲೆ ಕೂರುತ್ತೇನೆ. 'ಒಂಟಿ' ಎಂಬ ಶಬ್ದವನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದು ವಿರುದ್ಧಪದ ಕೇಳಿದ್ದೇನೆ. ಮಕ್ಕಳು ಒಟ್ಟಾಗಿ 'ಜಂಟಿ' ಎಂದು ಕೂಗುತ್ತಿದ್ದರು. ಅದರ ಅರ್ಥ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಾಚಾ ತೀರಿಕೊಂಡದ್ದು ನನಗೆ ತಿಳಿದದ್ದೇ ತಡವಾಗಿ, ಬಸ್ಸಿನಲ್ಲಿ ದೋರನಹಳ್ಳಿಯ ಇಬ್ಬರು ಹೆಂಗಸರು ಮಾತಾಡುವುದು ಕೇಳಿ. "ಟೇಲರ್ ಶರೀಫಸಾಬ ಹ್ವಾದ್ರಂತ. ತೊಂಬತ್ತೊಂದು ಆಗಿತ್ತಂತ" ಎಂದರು. ನಿಮ್ಮಪ್ಪನ ಹೆಸರು ಕಿವಿಗೆ ಬಿದ್ದ ಕೂಡಲೇ ಮುಂದಿನ ಸ್ಟಾಪಿನಲ್ಲಿ ಇಳಿದೆ, ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಎರಡು ದಿನ ಬಿಟ್ಟು ನಿಮ್ಮ ಮನೆಗೆ ಬಂದೆ. ನಲವತ್ಮೂರು ವರ್ಷ ಮಾತು ಬಿಟ್ಟವರು ಸಾವಿನ ಮನೆಯಲ್ಲಿ ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಅದ್ಯಾವುದೂ ಉಪಯೋಗಕ್ಕೆ ಬರಲಿಲ್ಲ.

ನಿಮ್ಮ ಅಂಗಳದಲ್ಲಿ ಹನ್ನೊಂದು ಮಕ್ಕಳು ಗಣಿತದ ಪುಸ್ತಕ ಹಿಡಿದು ಕೂತಿದ್ದರು. "ಅಮ್ಮಿ ಹತ್ರ ಟ್ಯೂಷನ್ರಿ. ಪುಕ್ಕಟೆ ಹೇಳ್ಕೊಡ್ತಾರ" ಎಂದಳು ನಿನ್ನ ಸೊಸೆ ರುಕ್ಸಾನಾ. ಸಾವಾಗಿ ಇಪ್ಪತ್ತು ದಿನ ಆಗಿರಲಿಲ್ಲ, ನಿನ್ನ ಭಾಗಾಕಾರ ನಿಂತಿರಲಿಲ್ಲ. ಒಂದು ಹುಡುಗಿಗೆ ಶೇಷ ಎಲ್ಲಿ ಬರೆಯಬೇಕು, ಏಕೆ ಬರೆಯಬೇಕು ಎಂದು ನೀನು ತೋರಿಸಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಶಾಲೆಯಲ್ಲಿ ಅಷ್ಟು ಚೆನ್ನಾಗಿ ತೋರಿಸುವವರು ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ. ನೀನು ಟೀಚರ್ ಆಗಬೇಕಿತ್ತು ಸಲ್ಮಾ. ಇದನ್ನು ಹೇಳುವ ಹಕ್ಕು ಎಲ್ಲರಿಗಿಂತ ಕಡಿಮೆ ಇರುವವಳು ನಾನು, ಆದರೂ ಹೇಳಿದೆ.

ನೀನು ನನ್ನನ್ನು ಒಳಗೆ ಕೂರಿಸಿದೆ. ರುಕ್ಸಾನಾ ಚಹಾ ಕೊಟ್ಟು ಹೋದಳು. ಆಮೇಲೆ ನೀನು ಕೇಳಿದ್ದು ಒಂದೇ ಮಾತು.

"ಆ ಇಮಾನದ ಹೆಸರು ಸಿಕ್ತೇನು?"

"ಇಲ್ಲ ಸಲ್ಮಾ. ನಂಬರ್ ನಲವತ್ತೈದು ಅಂತ ಅಷ್ಟ ಗೊತ್ತದ," ಎಂದೆ.

ನೀನು ನನ್ನ ಮುಖ ಬಹಳ ಹೊತ್ತು ನೋಡಿದೆ. ಎದ್ದು ಒಳಗೆ ಹೋಗಿ, ನಿನ್ನ ಕೈಯಾರೆ ಇನ್ನೊಂದು ಕಪ್ ಚಹಾ ಮಾಡಿ ತಂದೆ. ಮೊದಲನೆಯದನ್ನು ಆಗ ತಾನೇ ಕುಡಿದಿದ್ದೆ, ಎರಡನೆಯದನ್ನೂ ಕುಡಿದೆ. ನೀನು ಹಾಗೆ ನೋಡಿದ್ದೇಕೆ ಎಂದು ಆಗ ನನಗೆ ತಿಳಿಯಲಿಲ್ಲ. ಹೆಸರು ಹುಡುಕಿ ಬರೆಯುತ್ತೇನೆ ಎಂದು ಹೇಳಿ ಬಂದೆ.

ಇನ್ನು ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಸಹಿಸಿಕೋ. ಮಾತಾಡಲು ಜನ ಸಿಗದವರು ಎಲ್ಲವನ್ನೂ ಮೊದಲಿನಿಂದ ಶುರುಮಾಡುತ್ತಾರೆ.

ಆ ವಿಮಾನವಿದ್ದದ್ದು ಅಂಗೈಯಷ್ಟಗಲದ ಒಂದು ರಟ್ಟಿನ ಕಾರ್ಡಿನ ಮೇಲೆ. ಚಾಚಾ ಹರೆಯದಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ವಿಮಾನದ ಸೀಟಿಗೆ ಗವಸು ಹೊಲಿಯುತ್ತಿದ್ದಾಗ, ಯಾರೋ ಪರದೇಶದ ಮಗು ಚೂಯಿಂಗ್ ಗಮ್ ಬಾಯಿಗೆ ಹಾಕಿಕೊಂಡು ಅದರ ಜತೆಗೆ ಬಂದ ಈ ಚಿತ್ರವನ್ನು ಬಿಸಾಡಿತಂತೆ. ನೀಲಿ ಆಕಾಶ, ಬೆಳ್ಳಿ ಬಣ್ಣದ ವಿಮಾನ, ಬಾಲದ ಮೇಲೆ ಕೆಂಪು ನಕ್ಷತ್ರ. ನಕ್ಷತ್ರ ನೋಡಿ ರಶಿಯಾದ್ದು ಎಂದು ಗೊತ್ತಿತ್ತು. ಕೆಳಗಿನ ಹೆಸರಿನ ಪಟ್ಟಿ ಹರಿದುಹೋಗಿತ್ತು, ಹಿಂದಿನ ಅಚ್ಚು ಯಾವುದಕ್ಕೋ ಅಂಟಿ ಕಿತ್ತುಬಂದಿತ್ತು. ದೋರನಹಳ್ಳಿ ಹೈಸ್ಕೂಲಿನ ಬೇವಿನ ಗಿಡದ ಕೆಳಗೆ ಮಧ್ಯಾಹ್ನದ ಬಿಡುವಿನಲ್ಲಿ ನಾವಿಬ್ಬರೂ ಅದಕ್ಕೆ ದಿನಕ್ಕೊಂದು ಹೆಸರಿಡುತ್ತಿದ್ದೆವು. ಬಾಂಬು ಎಲ್ಲಿಂದ ಬೀಳುತ್ತದೆ ಎಂದು ನೀನು ಲೆಕ್ಕ ಹಾಕುತ್ತಿದ್ದಿ, ಪೈಲಟ್ ಬುತ್ತಿ ಎಲ್ಲಿ ಇಡುತ್ತಾನೆ ಎಂಬುದು ನನ್ನ ಚಿಂತೆಯಾಗಿತ್ತು.

ಅದೇ ಗಿಡದ ಕೆಳಗೆ ನೀನು ನನಗೆ ಉರ್ದು ಅಕ್ಷರ ಕಲಿಸಿದೆ. ಅಲೀಫ್, ಬೇ, ಪೇ, ಎಲ್ಲವೂ ಬಲಗಡೆಯಿಂದ. ಅಂಕಿಯನ್ನು ಒಂದರಿಂದ ಒಂಬತ್ತರ ತನಕ ಬಿಡಿಬಿಡಿಯಾಗಿ ಬರೆದು ತೋರಿಸಿದ್ದೆ. ಎರಡಂಕಿಯ ಪಾಠಕ್ಕೆ ನಾವು ಹೋಗಲೇ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿದು ನಾನು ಸೋದರಮಾವನ ಮನೆ ಬಿಟ್ಟು ಯಾದಗಿರಿ ಹತ್ತಿರದ ನಮ್ಮೂರು ಮುದನಾಳಕ್ಕೆ ಹೋದ ಮೇಲೆ ಕನ್ನಡದ ಮಾತನ್ನು ಉರ್ದು ಅಕ್ಷರದಲ್ಲಿ ಬರೆದು ಕಾಗದ ಹಾಕಿಕೊಳ್ಳುತ್ತಿದ್ದೆವು. ನಮ್ಮ ಗುಟ್ಟು ಎಂದರೆ ಜಗತ್ತಿನಲ್ಲೇ ದೊಡ್ಡ ಗುಟ್ಟು ಎಂಬಂತಿತ್ತು. ತಾರೀಖು, ವಯಸ್ಸು, ಮಾರ್ಕು ಎಲ್ಲವನ್ನೂ ನೀನು ಅಕ್ಷರದಲ್ಲೇ ಬರೆಯುತ್ತಿದ್ದಿ, ಹತ್ತು, ಇಪ್ಪತ್ತು ಎಂದು.

೧೯೮೨ರ ಜುಲೈಯಲ್ಲಿ ಬಂದ ಆ ಒಂದು ಕಾಗದ ಮಾತ್ರ ಬೇರೆ. ಅದನ್ನು ನೀನು ಅವಸರದಲ್ಲಿ ಬರೆದಿದ್ದೆ. ಗುಲ್ಬರ್ಗದ ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಲು ಚಾಚಾ ಒಂದೇ ಷರತ್ತಿನ ಮೇಲೆ ಒಪ್ಪಿದ್ದರು. "ನಿನ್ನ ಗೆಳತಿ ಸಾವಿತ್ರಿ ಬಂದು ನನ್ನ ಮುಂದ ನಿಂತು, ನಾನೂ ಹೊಂಟೀನಿ ಅಂದ್ರ ಸಹಿ ಹಾಕ್ತೀನಿ. ಒಬ್ಬಾಕಿನ್ನ ಕಳಸಂಗಿಲ್ಲ" ಎಂದಿದ್ದರಂತೆ. ಆದ್ದರಿಂದ ಇಂಥ ತಾರೀಖಿಗೆ ತಪ್ಪದೆ ಬಾ ಎಂದು ನೀನು ಬರೆದು, ತಾರೀಖನ್ನು ಉರ್ದು ಅಂಕಿಯಲ್ಲಿ ಹಾಕಿದ್ದೆ. ಕಾಗದದೊಳಗೆ ವಿಮಾನದ ಕಾರ್ಡನ್ನೂ ಇಟ್ಟಿದ್ದೆ. "ಅಬ್ಬಾ ಹೈದರಾಬಾದಿಗೆ ಹೋಗಿದ್ದರು, ಪರಿಚಯದ ಎಂಜಿನಿಯರರಿಗೆ ತೋರಿಸಿ ಉರ್ದುವಿನಲ್ಲಿ ನಂಬರ್ ಬರೆಸಿಕೊಂಡು ಬಂದಿದ್ದಾರೆ, ಹಿಂದೆ ನೋಡು. ಹೆಸರು ನೀನು ಹುಡುಕು" ಎಂದಿತ್ತು.

ನಾನು ತಾರೀಖನ್ನು ಇಪ್ಪತ್ತೊಂದು ಎಂದು ಓದಿದೆ. ಇಪ್ಪತ್ತೊಂದಕ್ಕೇ ಬಂದೆ. ಬಾಗಿಲಲ್ಲಿ ಚಾಚಾ "ಈಗ್ಯಾಕ ಬಂದಿ ಬೇಟಾ" ಎಂದರು. ನೀನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ನಿನ್ನ ಅರ್ಜಿ ಹೋಗಲಿಲ್ಲ, ನನ್ನದು ಹೋಯಿತು. ದೀಪಾವಳಿಯೊಳಗೆ ನಿನ್ನ ನಿಕಾ ಆದ ಸುದ್ದಿ ಗುಲ್ಬರ್ಗದಲ್ಲಿ ಕೇಳಿದೆ. ಕರೆದಾಗ ಬರಲಿಲ್ಲ ಎಂದು ನಿನಗೆ ಸಿಟ್ಟು, ಕರೆದ ದಿನ ಬಂದರೂ ಮುಖ ತೋರಿಸಲಿಲ್ಲ ಎಂದು ನನಗೆ ಬಿಗುಮಾನ. ಯಾದಗಿರಿ ಸಂತೆಯಲ್ಲಿ ಒಮ್ಮೆ ಎದುರಾದಾಗ ಇಬ್ಬರೂ ಬಳೆ ಅಂಗಡಿ ನೋಡಿದೆವು.

ಇರಲಿ, ಹುಡುಕಾಟದ ಕಥೆ ಹೇಳುತ್ತೇನೆ. ಮುದನಾಳದ ಬಸವಂತ್ರಾಯ ಎಂಬವನು ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದು, ಈಗ ಊರಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಅವನ ಹತ್ತಿರ ಹೋದೆ. ಹಿಟ್ಟಿನ ಕೈ ಒರೆಸಿಕೊಂಡು ಕಾರ್ಡು ಹಿಡಿದು, ಅವನು ಆ ಕಡೆ ಈ ಕಡೆ ತಿರುಗಿಸಿದ.

"ಬಾಂಬರ್ ಅದ್ರಿ ಅಕ್ಕೋರ. ಬಾಲದಾಗ ಬಂದೂಕಿನವ ಕೂಡೋ ಜಾಗ ನೋಡ್ರಿ. ಮೂಗು ಗಾಜಿಂದು. ಟುಪೊಲೆವ್ ಕಂಪನಿದು ಇರಬೇಕು."

"ನಂಬರ್ ನಲವತ್ತೈದು ಅಂತ ಬರ್ದದಪ್ಪ."

"ನಲವತ್ತೈದಾ? ಅಂಥಾ ಬಾಂಬರ್ ನಾ ಕೇಳಿಲ್ರಿ."

ಅವನ ಬಳಿ ಇಟ್ಟಿಗೆಯಷ್ಟು ದಪ್ಪದ ಒಂದು ವಿಮಾನದ ಪುಸ್ತಕವಿದೆ. ಗಿರಣಿ ಓಡುತ್ತಿರುವಾಗಲೇ ತೆಗೆದು ಹಾಳೆ ತಿರುವಿದ. ಜೋಳದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಶಂಕ್ರಮ್ಮ ಎಂಬಾಕೆ, "ಬಸಣ್ಣ, ಇಮಾನ ಆಮ್ಯಾಲ ಹಾರಸೀಯಂತ, ಮೊದಲ ನನ್ನ ಜ್ವಾಳ ಬೀಸು" ಎಂದು ಗದರಿದಳು. ಅವನು ಕೇಳಿಸಿಕೊಳ್ಳಲಿಲ್ಲ. "ಎಲ್ಲಾ ಇಮಾನಕ್ಕ ಎಡಕ್ಕೊಂದು ಬಲಕ್ಕೊಂದು ದೊಡ್ಡ ಗಾಲಿ ಇರ್ತಾವ್ರಿ. ಇದಕ್ಕ ಹೊಟ್ಟಿ ಕೆಳಗ ಮುಂದೊಂದು ಹಿಂದೊಂದು, ಸೈಕಲ್ ಗತೆ. ರೆಕ್ಕಿ ತುದಿಗೆ ಸಣ್ಣ ಗಾಲಿ ಅವ, ಸಣ್ಣ ಹುಡುಗರ ಸೈಕಲ್ಲಿಗೆ ಹಚ್ಚತಾರಲ್ಲ, ಹಂಗ. ಎಂಜಿನ್ನು ನೋಡ್ರಿ, ರೆಕ್ಕಿ ಕೆಳಗ ಜೋತು ಬಿದ್ದಾವ. ಅಂದಮ್ಯಾಲ ಟುಪೊಲೆವ್ ಅಂದದ್ದು ನಂದ ತಪ್ಪಾತು" ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಆಮೇಲೆ ಕಾರ್ಡಿನ ಫೋಟೊ ತೆಗೆದು, ಇಂಥ ಹಳೆಯ ಕಾರ್ಡು ಕೂಡಿಡುವವರ ಯಾವುದೋ ಗುಂಪಿಗೆ ಹಾಕಿದ.

ಪೋಲೆಂಡಿನಿಂದ ಒಬ್ಬ, ಬ್ರೆಜಿಲಿನಿಂದ ಒಬ್ಬ, ಇನ್ನೆಲ್ಲಿಂದಲೋ ನಾಲ್ಕು ಜನ ಉತ್ತರ ಕೊಟ್ಟರು. ಒಬ್ಬೊಬ್ಬರದು ಒಂದೊಂದು ಹೆಸರು. ಬಸವಂತ್ರಾಯ ಅವನ್ನೆಲ್ಲ ನನ್ನ ಫೋನಿಗೆ ಕಳಿಸುತ್ತಿದ್ದ. ಎರಡು ವಾರ ನನ್ನ ಫೋನು ದಿನಕ್ಕೆ ಐದಾರು ಸಲ ಟಿಣ್ ಎಂದಿತು. ಯಾವ ಹೆಸರೂ ನಲವತ್ತೈದಕ್ಕೆ ಕೂಡಲಿಲ್ಲ, ಆದರೂ ಆ ಎರಡು ವಾರ ನಾನು ಸುಖವಾಗಿದ್ದೆ. ಆಮೇಲೆ ಅವರೂ ಸುಮ್ಮನಾದರು.

ಹೋದ ಮಂಗಳವಾರ ಕಾರ್ಡು ಹಿಡಿದು ಇಲ್ಲಿನ ಬಜಾರಿನ ಗಯಾಸ ಸಾಬರ ಅಂಗಡಿಗೆ ಹೋದೆ. ಎಪ್ಪತ್ತು ದಾಟಿದವರು, ಗಡಿಯಾರ ರಿಪೇರಿ ಮಾಡುತ್ತಾರೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅವರ ಭೂತಗನ್ನಡಿಯಲ್ಲಿ ಹಿಂಬದಿಯ ಅಳಿದ ಅಚ್ಚೇನಾದರೂ ಕಂಡೀತೇ ಎಂಬ ಆಸೆ.

"ಛಾಪಾ ಏನೂ ಕಾಣಂಗಿಲ್ರಿ ಟೀಚರ್. ಕೈಲೆ ಚವ್ವನ್ ಅಂತ ಬರ್ದದ್ದು ಅಷ್ಟ ಅದ," ಎಂದರು.

"ಚವ್ವನ್ ಅಂದ್ರ?"

"ಐವತ್ನಾಕ್ರಿ."

"ಅಲ್ರಿ, ನಲವತ್ತೈದು. ಉರ್ದು ಬಲಗಡಿಂದ ಓದಬೇಕು. ನನಗೂ ಬರ್ತದ."

ಗಯಾಸ ಸಾಬರು ಗಾಜು ತೆಗೆದು ನನ್ನನ್ನು ನೋಡಿದರು. ಒಂದು ಚೀಟಿಯ ಮೇಲೆ ಎರಡು ಉರ್ದು ಅಂಕಿ ಬರೆದರು, ಎಡಕ್ಕೊಂದು ಉದ್ದ ಗೆರೆ, ಅದರ ಬಲಕ್ಕೆ ಕೊಕ್ಕೆಯ ಎರಡು. "ಇದೇನ್ರಿ?"

"ಇಪ್ಪತ್ತೊಂದು."

"ಗಡಿಯಾರದಾಗ ಇಪ್ಪತ್ತೊಂದು ಎಲ್ಲಿ ಕುಂಡ್ರಸಲಿ ಟೀಚರ್?" ಎಂದು ನಕ್ಕರು. "ಹನ್ನೆರಡ್ರಿ ಅದು. ಅಕ್ಷರ ಬಲಗಡಿಂದ, ಖರೆ. ಅಂಕಿ ಮಾತ್ರ ಎಡಗಡಿಂದ. ಅಂಕಿ ಎಲ್ಲಾರ್ದೂ ಒಂದ ಕಡಿಂದ ಹೊಂಟಾವ."

ನಾನು ನಗಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಗಯಾಸ ಸಾಬರು ಗಾಬರಿಯಾಗಿ ಪಕ್ಕದ ಹೋಟೆಲಿನಿಂದ ನೀರು ತರಿಸಿದರು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಐವತ್ನಾಲ್ಕು ಎಂದು ಫೋನ್ ಮಾಡಿದ ಕಾಲು ಗಂಟೆಯೊಳಗೆ ಬಸವಂತ್ರಾಯ ಕೂಗಿಕೊಂಡು ಉತ್ತರ ಕೊಟ್ಟ. ಅದರ ಹೆಸರು ಇಲ್ಯೂಶಿನ್ ಐವತ್ನಾಲ್ಕು. ೧೯೫೫ರಲ್ಲಿ ಮೊದಲು ಹಾರಿತು. ಪರೀಕ್ಷೆಗೆಂದು ಒಂದೆರಡು ಮಾಡಿ ಆಮೇಲೆ ಬೇಡವೆಂದು ಕೈಬಿಟ್ಟರಂತೆ, ಸೈನ್ಯಕ್ಕೆ ಸೇರಲೇ ಇಲ್ಲ. ನಿಜವಾದ ಹೆಸರು ತಿಳಿಯದ ಪರದೇಶದವರು ಅದಕ್ಕೆ ತಾವೇ ಬ್ಲೋಲ್ಯಾಂಪ್ ಎಂದು ಹೆಸರಿಟ್ಟರಂತೆ, ಬೆಸುಗೆಯವರು ಬುಸುಗುಟ್ಟಿಸುತ್ತಾರಲ್ಲ, ಆ ದೀಪ. ನಾವಿಟ್ಟ ಹೆಸರುಗಳು ಅದಕ್ಕಿಂತ ಚೆನ್ನಾಗಿದ್ದವು.

ಇನ್ನೊಂದು ಉತ್ತರ ನೀನು ಕೇಳಿಲ್ಲ. ಅಂದು ನಾನು ನಲವತ್ತೈದು ಎಂದಾಗ ನಿನಗೆ ಅದು ತಿಳಿದುಹೋಯಿತು ಎಂದು ನನಗೀಗ ಅನಿಸುತ್ತದೆ. ನೀನು ಹನ್ನೆರಡಕ್ಕೆ ಕರೆದಿದ್ದೆ. ನಾನು ಇಪ್ಪತ್ತೊಂದು ಎಂದು ಓದಿದೆ. ಅಕ್ಷರ ಬಲದಿಂದ ಕಲಿತವಳು ಅಂಕಿಯನ್ನೂ ಬಲದಿಂದಲೇ ಓದಿದೆ, ಅಷ್ಟೇ. ನೀನು ಹನ್ನೆರಡನೇ ತಾರೀಖು ಯಾದಗಿರಿಯ ಒಂದೊಂದು ಬಸ್ಸಿಗೂ ರಸ್ತೆಗೆ ಬಂದು ನೋಡಿರಬೇಕು. ನನ್ನನ್ನು ಕ್ಷಮಿಸು ಎಂದು ಕೇಳುತ್ತೇನೆ. ನಿನ್ನನ್ನು ಬಿಟ್ಟರೆ ನನ್ನನ್ನು ಸಾವಿ ಎಂದು ಕರೆಯುವವರು ಈ ಭೂಮಿಯ ಮೇಲೆ ಈಗ ಯಾರೂ ಇಲ್ಲ.

ಅಕ್ರಮನಿಗೆ, ರುಕ್ಸಾನಾಳಿಗೆ ನನ್ನ ಆಶೀರ್ವಾದ. ಭಾಗಾಕಾರದ ಹನ್ನೊಂದು ಮಕ್ಕಳಿಗೂ.

ನಿನ್ನ
ಸಾವಿತ್ರಿ

ತಾ. ಕ. ಕಾರ್ಡನ್ನು ಇದರ ಜತೆ ಇಟ್ಟಿಲ್ಲ. ಅಂಚೆಯಲ್ಲಿ ಕಳೆದರೆ ಎಂಬ ಭಯ. ನೀನು ಬಾ ಎಂದರೆ ನಾನೇ ತರುತ್ತೇನೆ.


ಸುರಪುರ
೨೯ ನವೆಂಬರ್ ೨೦೨೫

ಪ್ರೀತಿಯ ಸಲ್ಮಾ,

ನಿನ್ನೆ ನೀನು ಬಾಗಿಲಲ್ಲಿ ಕಾದಿರುತ್ತೀ, ರುಕ್ಸಾನಾ ಅಡುಗೆ ಮಾಡಿರುತ್ತಾಳೆ. ನಾನು ಬರಲಿಲ್ಲ, ಸಂಜೆ ನೀನು ಮಾಡಿದ ಫೋನನ್ನೂ ಎತ್ತಲಿಲ್ಲ. ದಯವಿಟ್ಟು ಬೈಯುವ ಮೊದಲು ಇದನ್ನು ಪೂರ್ತಿ ಓದು.

ಹೋದ ಭಾನುವಾರ ನೀನು ಫೋನ್ ಮಾಡಿದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಒದ್ದೆ ಕೈಯಲ್ಲೇ ಎತ್ತಿದೆ. "ಸಾವಿ" ಎಂದೆ ನೀನು. ಆಮೇಲೆ ನೀನು ಆಡಿದ್ದನ್ನೆಲ್ಲ ನಾನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ ಈಗ ಒಂದಕ್ಷರ ತಪ್ಪದೆ ಬರೆಯಬಲ್ಲೆ.

"ಹುಚ್ಚಿ, ನೀ ನಲವತ್ತೈದು ಅಂದಿ ನೋಡು, ಆಗಿಂದಾಗ ನನಗ ಹೊಳೀತು. ಯಾ ಅಲ್ಲಾ, ಇಕಿ ತಾರೀಖೂ ಹಿಂಗ ಓದಿರಬೇಕು ಅಂದೆ. ಒಳಗ ಹೋಗಿ ಅತ್ತೆ, ಆಮ್ಯಾಲ ಚಾ ಮಾಡ್ಕೊಂಡು ಬಂದೆ. ನಲವತ್ಮೂರು ವರ್ಷ ನಿನ್ನ ಮ್ಯಾಲ ಸಿಟ್ಟು ಹಿಡಕೊಂಡು ಕುಂತಿದ್ದೆ. ಎರಡಂಕಿ ನಿನಗ ಕಲಸಲಿಲ್ಲ, ತಪ್ಪು ನಂದ. ನಾ ಎಂಥಾ ಟೀಚರ್ ಆಗ್ತಿದ್ದೆ ಬಿಡು."

ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ನೀನು ಹೇಳಿದೆ, "ಶುಕ್ರವಾರ ಬಾ. ಎಂಟು ದಿನ ಇರು. ಅಬ್ಬಾನ ಕ್ವಾಣಿ ಖಾಲಿ ಆಗ್ಯದ, ರುಕ್ಸಾನಾ ತೊಳದು ಹಾಸಿಗಿ ಹಾಕ್ಯಾಳ. ಎಂಟು ದಿನ ಆದಮ್ಯಾಲ ಹೋಗಂತ ನಾ ಅನ್ನಂಗಿಲ್ಲ. ಮುಂಜಾನಿ ಮಕ್ಕಳಿಗೆ ನೀ ಕನ್ನಡ ಹೇಳು, ನಾ ಗಣಿತ ಹೇಳ್ತೀನಿ."

ಫೋನ್ ಇಟ್ಟ ಮೇಲೆ ಆ ದಿನ ನಾಲ್ಕು ರೊಟ್ಟಿ ಬಡಿದೆ. ಏಕೆಂದು ಗೊತ್ತಿಲ್ಲ, ನಾಲ್ಕನ್ನೂ ತಿಂದೆ. ಸೋಮವಾರ ಹೊಸ ಟವೆಲ್ ಕೊಂಡೆ. ಮಂಗಳವಾರ ಗಯಾಸ ಸಾಬರಿಗೆ ವಿಷಯ ತಿಳಿಸಿದೆ. ಅವರು ನಿನಗೆ ಸಲಾಮ್ ಹೇಳಿ, "ಟೀಚರ್, ಹೋಗೂದಾದ್ರ ಕೈಗಡಿಯಾರ ಕಟ್ಕೊಂಡು ಹೋಗ್ರಿ" ಎಂದು ಚುಡಾಯಿಸಿದರು. ಬಸವಂತ್ರಾಯನಂತೂ ಕಾರ್ಡಿಗೆ ಹಾಕಲು ಸಣ್ಣದೊಂದು ಫ್ರೇಮು ತಂದುಕೊಟ್ಟಿದ್ದಾನೆ. ಅಂಥ ವಿಮಾನದ ಕಾರ್ಡು ನಮ್ಮ ಸೀಮೆಯಲ್ಲಿ ಇನ್ನೊಂದು ಇರಲಾರದು ಎನ್ನುತ್ತಾನೆ. ಗಿರಣಿಗೆ ಬಂದವರಿಗೆಲ್ಲ ಅದರ ಕಥೆ ಹೇಳುತ್ತಿದ್ದಾನಂತೆ. ಕಥೆಯಲ್ಲಿ ನನ್ನ ಪಾತ್ರ ದಡ್ಡ ಟೀಚರಿನದು.

ಹೀಗೆಲ್ಲ ತಯಾರಾದವಳು ಏಕೆ ಬರಲಿಲ್ಲ ಎಂದರೆ, ಗುರುವಾರ ರಾತ್ರಿಯಿಂದ ದವಡೆ ಹಲ್ಲು ಬಹಳ ನೋಯುತ್ತಿದೆ. ಕೆನ್ನೆ ಊದಿದೆ, ಮಾತಾಡಲು ಆಗುತ್ತಿಲ್ಲ, ಅದಕ್ಕೇ ಫೋನ್ ಎತ್ತಲಿಲ್ಲ. ಪಿಂಚಣಿಯ ಒಂದು ಕಾಗದಕ್ಕೂ ಸಹಿ ಬೇಕೆಂದು ಕಚೇರಿಯಿಂದ ಕರೆದಿದ್ದಾರೆ. ಎರಡೂ ಮುಗಿದ ಮೇಲೆ ನೋಡೋಣ. ರುಕ್ಸಾನಾಳಿಗೆ ಬೇಸರ ಮಾಡಿಕೊಳ್ಳಬೇಡ ಎಂದು ಹೇಳು. ನೀನು ಸರಿಯಾಗಿ ಉಣ್ಣು, ಚಳಿಗೆ ಅಂಗಳದಲ್ಲಿ ಬರಿ ನೆಲದ ಮೇಲೆ ಕೂರಬೇಡ, ನಮ್ಮ ವಯಸ್ಸಿಗೆ ಮೊಣಕಾಲು ಕೇಳುವುದಿಲ್ಲ. ಮಕ್ಕಳೆಲ್ಲ ಚೆನ್ನಾಗಿ ಓದಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಸಾವಿ

ತಾ. ಕ. ಹಲ್ಲುನೋವು ಸುಳ್ಳು. ಸಹಿ ಹಾಕಿದ ಮೇಲೆ ಕಾಗದ ಮಡಿಸಿ, ಅಂಟು ಹಚ್ಚುವ ಮೊದಲು ಮತ್ತೆ ಬಿಚ್ಚಿದ್ದೇನೆ. ನಿನ್ನೆ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಶಹಾಪುರದ ಬಸ್ಸು ಮೂರು ಬಂದವು, ಮೂರೂ ಹೋದವು. ಚೀಲ ಹಿಡಿದು ಮನೆಗೆ ಬಂದೆ.

ಅಂಕಿ ತಪ್ಪು ಓದಿದ್ದು ನಿಜ. ಆದರೆ ಅರ್ಜಿಯ ಕೊನೆಯ ತಾರೀಖು ಹದಿನೈದು ಎಂದು ನನಗೆ ಗೊತ್ತಿತ್ತು ಸಲ್ಮಾ. ಹದಿನೈದಕ್ಕೆ ಮುಗಿಯುವ ಕೆಲಸಕ್ಕೆ ನೀನು ಇಪ್ಪತ್ತೊಂದಕ್ಕೆ ಏಕೆ ಕರೆಯುತ್ತೀ? ಕಾಗದ ಬಂದ ಸಂಜೆಯೇ ನನಗೆ ಅನುಮಾನ ಬಂತು. ನಮ್ಮಪ್ಪ ಚಂದ್ರಾಮಪ್ಪ ನಿಜಾಮರ ಕಾಲದಲ್ಲಿ ನಾಲ್ಕನೇ ಜಮಾತಿನ ತನಕ ಉರ್ದು ಓದಿದವನು. ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಕಾಗದ ಹಿಡಿದು ಅವನ ಹತ್ತಿರ ಹೋದೆ. "ಏನವಾ?" ಅಂದ. "ಏನಿಲ್ಲಪ್ಪ" ಎಂದು ಒಳಗೆ ಬಂದೆ.

ನಿನಗೆ ನನಗಿಂತ ಮೂವತ್ತೆಂಟು ಮಾರ್ಕು ಹೆಚ್ಚು ಬಂದಿದ್ದವು. ಟಿ.ಸಿ. ತರಲು ಹೋದ ದಿನ ಹೆಡ್‌ಮಾಸ್ತರರು ಯಾರಿಗೋ ಹೇಳುತ್ತಿದ್ದರು, "ನಮ್ಮ ಸಾಲ್ಯಾಗ ಒಬ್ಬಾಕಿಗೆ ಸೀಟು ಸಿಗಬಹುದು, ಇಬ್ಬರಿಗೆ ಸಿಗಂಗಿಲ್ಲ" ಎಂದು. ಅದನ್ನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದೆ. ನನಗೆ ಕೂಲಿಗೆ ಹೋಗುವುದು ಬೇಡವಾಗಿತ್ತು. ಹನ್ನೆರಡು ಇರಬಹುದು ಎಂದು ಹನ್ನೆರಡರ ಬೆಳಿಗ್ಗೆಯೂ ಅನಿಸಿತು. ಎಮ್ಮೆ ಮೇಯಿಸಲು ಹೋದೆ. ಹದಿನಾರನೇ ತಾರೀಖು ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿತ್ತು. ಇಪ್ಪತ್ತೊಂದಕ್ಕೆ ತಲೆ ಬಾಚಿ, ಪೌಡರ್ ಹಾಕಿಕೊಂಡು ನಿಮ್ಮ ಮನೆಗೆ ಬಂದೆ.

ಗಯಾಸ ಸಾಬರ ಅಂಗಡಿಯಲ್ಲಿ ಕೂತುಬಿಟ್ಟದ್ದು ತಪ್ಪು ಗೊತ್ತಾಯಿತು ಎಂದಲ್ಲ. ಅನುಮಾನ ಎನ್ನುತ್ತಿದ್ದದ್ದು ಖಚಿತವಾಯಿತು ಎಂದು. ಹೋದ ಕಾಗದದಲ್ಲಿ "ಅಷ್ಟೇ" ಎಂದು ಬರೆದೆನಲ್ಲ, ಅಷ್ಟೇ ಆಗಿರಲಿಲ್ಲ. ಅಂಕಿಯ ತಪ್ಪಿಗೆ ನೀನು ನನ್ನನ್ನು ಕ್ಷಮಿಸಿದ್ದೀ, ತಪ್ಪು ನಿನ್ನದೇ ಎಂದೂ ಹೇಳಿದೆ. ಅದನ್ನು ಕೇಳಿಸಿಕೊಂಡು ನಕ್ಕೆನಲ್ಲ, ಅದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ಇದನ್ನು ಹೇಳದೆ ಚಾಚಾ ಮಲಗುತ್ತಿದ್ದ ಕೋಣೆಯಲ್ಲಿ ಮಲಗಲು, ನಿನ್ನ ಕೈಯ ಅನ್ನ ಉಣ್ಣಲು ನನ್ನಿಂದ ಆಗಲಿಲ್ಲ. ಹೇಳದೇ ಇದ್ದಿದ್ದರೆ ಇವತ್ತು ನಿನ್ನ ಪಕ್ಕದಲ್ಲಿ ಕೂತಿರುತ್ತಿದ್ದೆ. ಅದು ನನಗೆ ಎಷ್ಟು ಬೇಕಾಗಿದೆ ಎಂದು ಬರೆಯಲು ಬರುವುದಿಲ್ಲ. ಇದನ್ನು ಓದಿದ ಮೇಲೂ ಬಾ ಎನಿಸಿದರೆ ಫೋನ್ ಮಾಡು, ಆ ದಿನವೇ ಬರುತ್ತೇನೆ. ಎನಿಸದಿದ್ದರೆ ಮಾಡಬೇಡ, ಕಾರ್ಡನ್ನು ಅಕ್ರಮನ ಕೈಗೆ ಮುಟ್ಟಿಸುತ್ತೇನೆ.

ಇದೊಂದು ಉಳಿಯಿತು. ಹೆಡ್‌ಮಾಸ್ತರರು ಹೇಳಿದ್ದು ಬರಿ ಅವರ ಊಹೆ. ಆ ವರ್ಷ ಅರ್ಜಿ ಹಾಕಿದ ನಮ್ಮ ಕಡೆಯ ಹುಡುಗಿಯರಿಗೆಲ್ಲ ಸೀಟು ಸಿಕ್ಕಿತು, ಇನ್ನೂ ಜಾಗ ಉಳಿದಿತ್ತು. ಹಾಸ್ಟೆಲಿನಲ್ಲಿ ಕೋಣೆಗೆ ಎರಡು ಮಂಚ. ನನ್ನ ಕೋಣೆಯ ಇನ್ನೊಂದು ಮಂಚಕ್ಕೆ ಯಾರೂ ಬರಲಿಲ್ಲ. ಎರಡು ವರ್ಷ ಅದರ ಮೇಲೆ ನನ್ನ ಒಗೆದ ಬಟ್ಟೆ ಮಡಿಸಿ ಇಡುತ್ತಿದ್ದೆ.